ಅಡಿಕೆಗೆ ದರ ಹಾಕುತ್ತೀರಿ, ನಮ್ಮ ಕುಚ್ಚಿಗೂ ಒಂದು ದರ ಹಾಕಿ

ಮಾನ್ಯ ಸಂಪಾದಕರೇ,

ನಮಸ್ಕಾರ. ನಿಮ್ಮ ಮಹಿಳಾ ಪುರವಣಿಯಲ್ಲಿ ಆಗಾಗ ಕೆಲಸ ಕಳೆದುಕೊಂಡು ಮನೆಯಲ್ಲೇ ಏನಾದರೂ ಮಾಡಿ ಗೆದ್ದ ಹೆಂಗಸರ ಬಗ್ಗೆ ಬರೆಯುತ್ತೀರಿ. ಫೋಟೊ ಇರುತ್ತದೆ, ನಾಲ್ಕು ಒಳ್ಳೆಯ ಮಾತು ಇರುತ್ತದೆ. ಓದುವಾಗ ಖುಷಿಯಾಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಓದಿ ಮುಗಿಸಿದ ಮೇಲೆ ನಮಗೆ ಬೇಕಾದ ಒಂದೇ ಒಂದು ವಿಷಯ ಅದರಲ್ಲಿ ಸಿಗುವುದಿಲ್ಲ. ಒಂದು ಸೀರೆಗೆ ಕುಚ್ಚು ಕಟ್ಟಿದ್ದಕ್ಕೆ ಎಷ್ಟು ಕೊಟ್ಟರು? ದಾರಕ್ಕೆ ಎಷ್ಟು ಹೋಯಿತು? ಕೈಗೆ ಎಷ್ಟು ಉಳಿಯಿತು? ಆ ಲೆಕ್ಕ ಬರೆಯೋಣ ಅಂತಲೇ ಈ ಪತ್ರ. ಸ್ವಲ್ಪ ಉದ್ದ ಆದೀತು, ದಯವಿಟ್ಟು ಕತ್ತರಿಸಬೇಡಿ.

ನಾನು ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದೆ. ಸಿಂಗಲ್ ನೀಡಲ್ ಮೆಷಿನ್, ಶರ್ಟಿನ ಕಾಲರ್ ಕೂರಿಸುವ ಕೆಲಸ. ಪಿಎಫ್, ಇಎಸ್‌ಐ (ಕಾರ್ಮಿಕರ ವಿಮೆ) ಕಳೆದು ಕೈಗೆ 12 ಸಾವಿರದ ಆಸುಪಾಸು ಬರುತ್ತಿತ್ತು. ಆರ್ಡರ್ ಕಡಿಮೆ ಆಗುತ್ತಾ ಬಂತು, ಮೊದಲು ಓಟಿ ನಿಂತಿತು, ಆಮೇಲೆ ಎರಡು ಲೈನ್ ಮುಚ್ಚಿದರು, ಕೊನೆಗೆ ಯೂನಿಟ್ಟೇ ಮುಚ್ಚಿತು. ಈಗ ಲಗ್ಗೆರೆಯ ಬಾಡಿಗೆ ಮನೆಯಲ್ಲಿ ಸೀರೆಗೆ ಕುಚ್ಚು ಕಟ್ಟುತ್ತೇನೆ, ಫಾಲ್ ಹಾಕುತ್ತೇನೆ, ಜಿಗ್‌ಜಾಗ್ ಮಾಡುತ್ತೇನೆ. ಬ್ಲೌಸ್ ಬಂದರೆ ಅದನ್ನೂ ಹೊಲಿಯುತ್ತೇನೆ.

ಕುಚ್ಚಿನ ಮಾತಿಗೆ ಬರುವ ಮೊದಲು ಯೂನಿಟ್ ಮುಚ್ಚುವಾಗ ಏನಾಗುತ್ತದೆ ಅಂತ ಹೇಳಲೇಬೇಕು. ಯಾಕೆಂದರೆ ಇದನ್ನು ಓದುತ್ತಿರುವ ಯಾರದೋ ಫ್ಯಾಕ್ಟರಿಯಲ್ಲಿ ಈ ವಾರವೇ ಅದು ನಡೆಯುತ್ತಿರಬಹುದು. ಎಚ್‌ಆರ್‌ನವರು ಒಬ್ಬೊಬ್ಬರನ್ನೇ ಒಳಗೆ ಕರೆಯುತ್ತಾರೆ. ಮೇಜಿನ ಮೇಲೆ ಮೊದಲೇ ಟೈಪ್ ಮಾಡಿಟ್ಟ ಹಾಳೆ. "ಸ್ವಂತ ಕಾರಣದಿಂದ ಕೆಲಸ ಬಿಡುತ್ತಿದ್ದೇನೆ" ಅಂತ ಇರುತ್ತದೆ. "ಸೈನ್ ಹಾಕಮ್ಮ, ಇಲ್ಲಾಂದ್ರೆ ಸೆಟ್ಲ್‌ಮೆಂಟ್ ಲೇಟಾಗುತ್ತೆ" ಅಂತಾರೆ. ಮನೆ ಬಾಡಿಗೆ ಕಟ್ಟಬೇಕು, ಮಗುವಿನ ಫೀಸು ಇದೆ, ಯಾರು ತಾನೇ ಕಾಯುತ್ತಾರೆ? ಆ ಹಾಳೆಗೆ ಸೈನ್ ಬಿದ್ದರೆ ಕಂಪನಿ ನಿಮ್ಮನ್ನು ತೆಗೆದ ಹಾಗಲ್ಲ, ನೀವೇ ಬಿಟ್ಟು ಹೋದ ಹಾಗೆ. ಕಂಪನಿಯೇ ತೆಗೆದರೆ ಅಥವಾ ಯೂನಿಟ್ ಮುಚ್ಚಿದರೆ, ಒಂದು ವರ್ಷ ದುಡಿದವರಿಗೂ ಪ್ರತಿ ವರ್ಷದ ಸೇವೆಗೆ 15 ದಿನದ ಸಂಬಳದ ಲೆಕ್ಕದಲ್ಲಿ ಪರಿಹಾರ ಬರಬೇಕು. ಐದು ವರ್ಷ ತುಂಬಿದ್ದರೆ ಗ್ರಾಚ್ಯುಟಿ, ಅಂದರೆ ಸೇವೆಗೆ ಕೊಡುವ ಇಡಿಗಂಟು ಬೇರೆ, ಅದೂ ವರ್ಷಕ್ಕೆ 15 ದಿನದ ಲೆಕ್ಕ. ಎರಡೂ ಬೇರೆ ಬೇರೆ ದುಡ್ಡು. ಒಂದನ್ನು ಕೊಟ್ಟು ಎರಡೂ ಮುಗಿಯಿತು ಅಂದರೆ ಒಪ್ಪಬೇಡಿ. ಆ ಹಾಳೆಯನ್ನು ಮನೆಗೆ ತಂದು ಓದುತ್ತೇನೆ ಅನ್ನಿ, ಯೂನಿಯನ್‌ನವರಿಗೋ ಕಾರ್ಮಿಕ ಇಲಾಖೆಯವರಿಗೋ ತೋರಿಸಿ.

ಇನ್ನೊಂದು. ಇಎಸ್‌ಐನಲ್ಲಿ ಕೆಲಸ ಹೋದವರಿಗೆ ಅಂತಲೇ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ 2018ರಲ್ಲಿ ಶುರುವಾಯಿತು. ಷರತ್ತು ಪೂರೈಸಿದವರಿಗೆ ಜೀವನದಲ್ಲಿ ಒಂದು ಸಲ, 90 ದಿನದವರೆಗೆ, ದಿನದ ಸರಾಸರಿ ಸಂಬಳದ ಅರ್ಧ ಕೊಡುವ ಯೋಜನೆ. ನಮ್ಮ ಲೈನಿನಲ್ಲಿ ಇದರ ಹೆಸರು ಕೇಳಿದವರು ಒಬ್ಬರೂ ಇರಲಿಲ್ಲ. ಸಂಬಳದಲ್ಲಿ ತಿಂಗಳು ತಿಂಗಳು ಇಎಸ್‌ಐ ಮುರಿದುಕೊಳ್ಳುವಾಗ ಗೊತ್ತಾಗುವಷ್ಟು ಚೆನ್ನಾಗಿ ಇದೂ ಗೊತ್ತಾಗಬೇಕಿತ್ತು, ಅಲ್ವಾ? ಕೆಲಸ ಹೋದ ಕೂಡಲೇ ಹತ್ತಿರದ ಇಎಸ್‌ಐ ಕಚೇರಿಗೆ ಹೋಗಿ ಅದು ಈಗಲೂ ಇದೆಯಾ ಅಂತ ಕೇಳಿ.

ಕೆಲಸ ಹೋದವರ ಫೋನಿಗೆ ಬರುವ ಮೆಸೇಜುಗಳ ಬಗ್ಗೆಯೂ ಹೇಳಬೇಕು. ಮನೆಯಲ್ಲೇ ಪೆನ್ಸಿಲ್ ಪ್ಯಾಕಿಂಗ್, ತಿಂಗಳಿಗೆ 30 ಸಾವಿರ, ಮೊದಲು ರಿಜಿಸ್ಟ್ರೇಷನ್ ಫೀಸು ಕಳಿಸಿ. ವಿಡಿಯೊಗೆ ಲೈಕ್ ಒತ್ತಿದರೆ ದುಡ್ಡು, ಹೋಟೆಲಿಗೆ ಐದು ಸ್ಟಾರ್ ಕೊಟ್ಟರೆ ದುಡ್ಡು. ಮೊದಲ ದಿನ ನೂರಿನ್ನೂರು ನಿಜವಾಗಿಯೂ ಅಕೌಂಟಿಗೆ ಬರುತ್ತದೆ, ನಂಬಿಕೆ ಹುಟ್ಟುತ್ತದೆ, ಆಮೇಲೆ ನೀವೇ ಸಾವಿರಗಟ್ಟಲೆ ಹಾಕುವ ಹಾಗೆ ಮಾಡುತ್ತಾರೆ. ನಮ್ಮ ಬೀದಿಯ ಒಬ್ಬ ಹುಡುಗಿ ತನ್ನ ಪಿಎಫ್ ದುಡ್ಡನ್ನೇ ಹೀಗೆ ಕಳೆದುಕೊಂಡಳು. ಕೆಲಸ ಕೊಡುವವರು ದುಡ್ಡು ಕೊಡಬೇಕು, ಕೇಳಬಾರದು. ಕೇಳಿದರೆ ಅದು ಕೆಲಸ ಅಲ್ಲ. ದುಡ್ಡು ಹೋದರೆ ನಾಚಿಕೆಪಟ್ಟು ಸುಮ್ನೆ ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬೇಗ ಮಾಡಿದಷ್ಟೂ ಆ ದುಡ್ಡನ್ನು ತಡೆಹಿಡಿಯುವ ಸಾಧ್ಯತೆ ಜಾಸ್ತಿ. ಪತ್ರಿಕೆಗಳ ವರ್ಗೀಕೃತ ಜಾಹೀರಾತಿನಲ್ಲೂ ಇಂಥವು ನುಸುಳುತ್ತವೆ ಸಂಪಾದಕರೇ. ನಿಮ್ಮಲ್ಲಿ ಬರದ ಹಾಗೆ ನೋಡಿಕೊಳ್ಳಿ.

ಈಗ ಕುಚ್ಚಿಗೆ ಬರುತ್ತೇನೆ.

ರೇಷ್ಮೆ ಸೀರೆಯ ಸೆರಗಿನ ತುದಿ ನೋಡಿರುತ್ತೀರಿ. ಅದರ ಅಗಲ ಸುಮಾರು 45 ಇಂಚು. ಅರ್ಧ ಇಂಚಿಗೊಂದು ಕುಚ್ಚು ಅಂದರೂ ಒಂದು ಸೀರೆಗೆ 90ರ ಹತ್ತಿರ ಕುಚ್ಚು ಬೇಕು. ಮೊದಲು ಸೀರೆಯ ಮೈಬಣ್ಣಕ್ಕೊಂದು, ಅಂಚಿನ ಬಣ್ಣಕ್ಕೊಂದು ಸಿಲ್ಕ್ ಥ್ರೆಡ್ ಹೊಂದಿಸಬೇಕು. ಇದೇ ದೊಡ್ಡ ಕೆಲಸ, ಟ್ಯೂಬ್‌ಲೈಟಿನಲ್ಲಿ ಸರಿಯಾಗಿ ಕಂಡ ಬಣ್ಣ ಬಿಸಿಲಿಗೆ ಹಿಡಿದರೆ ಬೇರೆಯೇ ಇರುತ್ತದೆ. ಆಮೇಲೆ ದಾರವನ್ನು ರಟ್ಟಿಗೆ ಸುತ್ತಿ, ದಪ್ಪ ಸೂಜಿಯಲ್ಲಿ ಸೆರಗಿನ ಅಂಚಿಗೆ ಏರಿಸಿ, ಎಳೆಗಳನ್ನು ಮಡಿಸಿ, ಕುತ್ತಿಗೆಗೆ ಜರಿ ದಾರ ಬಿಗಿಯಾಗಿ ಸುತ್ತಿ ಗಂಟು ಹಾಕಬೇಕು. ಗಂಟು ಸಡಿಲವಾದರೆ ಒಂದೇ ಮದುವೆಗೆ ಕುಚ್ಚು ಉದುರುತ್ತದೆ. ತುಂಬ ಬಿಗಿಯಾದರೆ ಸೆರಗು ಸುಕ್ಕುಗಟ್ಟುತ್ತದೆ. ಎಲ್ಲ ಮುಗಿದ ಮೇಲೆ ತುದಿಗಳನ್ನು ಒಂದೇ ಸಮ ಕತ್ತರಿಸುವುದು, ಅಲ್ಲಿ ಕತ್ತರಿ ಜಾರಿದರೆ 20 ಸಾವಿರದ ಸೀರೆಗೆ ಯಾರು ಜವಾಬ್ದಾರರು? ನಾವೇ. ಇಷ್ಟಕ್ಕೆ ಕೈ ಪಳಗಿದವರಿಗೂ ಮೂರು ಗಂಟೆ ಬೇಕು. ಕುತ್ತಿಗೆ ಬಗ್ಗಿಸಿ, ಕಣ್ಣು ಕೀಲಿಸಿ ಕೂರುವ ಮೂರು ಗಂಟೆ.

ಸೀರೆ ಅಂಗಡಿಯವರು ಇದಕ್ಕೆ ನನಗೆ ಕೊಡುವುದು 130 ರೂಪಾಯಿ. ದಾರ, ಜರಿ ನನ್ನದೇ, ಅದಕ್ಕೆ 30 ಹೋಗುತ್ತದೆ. ಉಳಿದದ್ದು 100. ಗಂಟೆಗೆ 33 ರೂಪಾಯಿ. ಗಿರಾಕಿಯ ಹತ್ತಿರ ಅಂಗಡಿಯವರು ತೆಗೆದುಕೊಳ್ಳುವುದು 350. ಕ್ರೋಶಾ ಹಾಕಿ ಮಣಿ ಪೋಣಿಸುವ ಕುಚ್ಚು ಆದರೆ ಇಡೀ ದಿನ ಹಿಡಿಯುತ್ತದೆ, ಅಂಗಡಿಯವರು 400 ಕೊಡುತ್ತಾರೆ, ಮಣಿಯೂ ನಮ್ಮದೇ. ಫಾಲ್ ಕೈಹೊಲಿಗೆ ಹಾಕಿ ಎರಡೂ ಕಡೆ ಜಿಗ್‌ಜಾಗ್ ಮಾಡಿದರೆ 40.

"ಅಣ್ಣಾ, ದಾರದ ರೇಟು ಜಾಸ್ತಿ ಆಗಿದೆ, 20 ರೂಪಾಯಿ ಸೇರಿಸಿ" ಅಂದರೆ, "ಅಕ್ಕಾ, ನಿಮಗೆ ಆಗಲ್ಲ ಅಂದ್ರೆ ಬಿಡಿ, ಹೆಗ್ಗನಹಳ್ಳಿಯವರು 110ಕ್ಕೆ ಮಾಡಿಕೊಡ್ತಾರೆ" ಅನ್ನುತ್ತಾರೆ. ಹೆಗ್ಗನಹಳ್ಳಿಯಲ್ಲಿ 110ಕ್ಕೆ ಮಾಡುವವರು ನಿಜವಾಗಿಯೂ ಇದ್ದಾರಾ? ನನಗೆ ಗೊತ್ತಾಗುವ ದಾರಿಯೇ ಇಲ್ಲ. ಅವರಿಗೂ ಬಹುಶಃ ಲಗ್ಗೆರೆಯವರ ಹೆಸರು ಹೇಳಿಯೇ ಬೆಲೆ ಇಳಿಸುತ್ತಿರಬಹುದು.

ಈ ಒಂದು ಮಾತು ನನ್ನನ್ನು ತುಂಬ ಕಾಡುತ್ತದೆ. ಫ್ಯಾಕ್ಟರಿಯಲ್ಲಿ ಟಾರ್ಗೆಟ್ ಇತ್ತು, ಸೂಪರ್‌ವೈಸರ್ ಬೈಗುಳ ಇತ್ತು, ಬಾತ್‌ರೂಮಿಗೆ ಹೋಗಿ ಬರಲೂ ಲೆಕ್ಕ ಇತ್ತು. ಆದರೆ ಪಕ್ಕದ ಮೆಷಿನ್‌ನವಳ ಸಂಬಳ ಎಷ್ಟು ಅಂತ ಗೊತ್ತಿತ್ತು. ಊಟದ ಹೊತ್ತಿಗೆ ಸ್ಲಿಪ್ ಪಕ್ಕ ಪಕ್ಕ ಇಟ್ಟು ನೋಡುತ್ತಿದ್ದೆವು. 2016ರ ಏಪ್ರಿಲ್‌ನಲ್ಲಿ ಪಿಎಫ್ ತೆಗೆಯುವುದಕ್ಕೆ ಕೇಂದ್ರ ಸರ್ಕಾರ ಹೊಸ ನಿರ್ಬಂಧ ತಂದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆಗೆ ಇಳಿದದ್ದು ನಿಮಗೆ ನೆನಪಿರಬೇಕು. ಎರಡೇ ದಿನದಲ್ಲಿ ಸರ್ಕಾರ ಆದೇಶ ವಾಪಸ್ ತೆಗೆದುಕೊಂಡಿತು. ಒಂದೇ ಸೂರಿನ ಕೆಳಗೆ ಇದ್ದದ್ದಕ್ಕೆ, ಒಂದೇ ಗೇಟಿನಿಂದ ಹೊರಗೆ ಬರುತ್ತಿದ್ದದ್ದಕ್ಕೆ ಅದು ಆಯಿತು. ಈಗ ಅದೇ ಹೆಂಗಸರು ಲಗ್ಗೆರೆ, ರಾಜಗೋಪಾಲನಗರ, ಕಾಮಾಕ್ಷಿಪಾಳ್ಯದ ಒಂದೊಂದು ಮನೆಯಲ್ಲಿ ಒಬ್ಬೊಬ್ಬರೇ ಕೂತು ಸೂಜಿ ಹಿಡಿದಿದ್ದೇವೆ. ಮೂರನೇ ಕ್ರಾಸಿನವಳಿಗೆ ಎಷ್ಟು ಕೊಡುತ್ತಾರೆ ಅಂತ ನಾಲ್ಕನೇ ಕ್ರಾಸಿನವಳಿಗೆ ಗೊತ್ತಿಲ್ಲ. ಸಂಬಳ ಕಡಿಮೆ ಆದದ್ದಕ್ಕಿಂತ ದೊಡ್ಡ ನಷ್ಟ ಇದು ಅಂತ ನನಗೆ ಅನ್ನಿಸುತ್ತದೆ.

ಹಾಗಂತ ಇದು ಬೇಡದ ಕೆಲಸ ಅಂತ ನಾನು ಹೇಳುತ್ತಿಲ್ಲ. ಮನೆ ನಡೆಯುತ್ತಿದೆ. ಶ್ರಾವಣದಲ್ಲಿ ವರಮಹಾಲಕ್ಷ್ಮಿ, ಆಮೇಲೆ ಗೌರಿ, ದಸರಾ, ಅದರ ಹಿಂದೆಯೇ ಮದುವೆಗಳು. ಆಗ 12-13 ಸಾವಿರವೂ ಆಗುತ್ತದೆ, ರಾತ್ರಿ ಹನ್ನೊಂದಾದರೂ ಸೀರೆ ಮಡಿಲಲ್ಲೇ ಇರುತ್ತದೆ. ಆಷಾಢದಲ್ಲಿ ಮದುವೆ ಇಲ್ಲದಿದ್ದರೂ ರಿಯಾಯಿತಿ ಸೇಲಿನಲ್ಲಿ ಜನ ಸೀರೆ ತೆಗೆದಿಡುತ್ತಾರೆ, ಆ ಸೀರೆಗಳು ಹಬ್ಬಕ್ಕೆ ಹದಿನೈದು ದಿನ ಇರುವಾಗ ಒಟ್ಟಿಗೇ ನಮ್ಮ ಹತ್ತಿರ ಬರುತ್ತವೆ. ಪಿತೃಪಕ್ಷದಲ್ಲಿ ಏನೂ ಇಲ್ಲ. ಧನುರ್ಮಾಸದಲ್ಲಿ 4 ಸಾವಿರ ಆದರೆ ಪುಣ್ಯ. ಎಲ್ಲ ಸೇರಿಸಿ ವರ್ಷದ ಸರಾಸರಿ ತಿಂಗಳಿಗೆ 8 ಸಾವಿರ ಅಂತ ಇಟ್ಟುಕೊಳ್ಳಿ. ಹೊಸದಾಗಿ ಶುರು ಮಾಡುವವರು ಶ್ರಾವಣದ ದುಡ್ಡನ್ನು ನೋಡಿ ಪ್ರತಿ ತಿಂಗಳೂ ಹೀಗೇ ಅಂದುಕೊಂಡು ಚೀಟಿ ಹಾಕಿಬಿಡುತ್ತಾರೆ. ಅಲ್ಲೇ ಕಷ್ಟ ಶುರು.

ಫ್ಯಾಕ್ಟರಿ ಸಂಬಳಕ್ಕೂ ಇದಕ್ಕೂ ಇರುವ ವ್ಯತ್ಯಾಸ ಬರೀ 4 ಸಾವಿರ ಅಂತಲೂ ತಿಳಿಯಬೇಡಿ. ಅಲ್ಲಿ ನಮ್ಮ ಪಿಎಫ್ ಜೊತೆ ಕಂಪನಿಯದು 12 ಪರ್ಸೆಂಟ್ ಸೇರುತ್ತಿತ್ತು, ಇಎಸ್‌ಐಗೆ ಕಂಪನಿ 3.25 ಪರ್ಸೆಂಟ್ ಹಾಕುತ್ತಿತ್ತು. 13 ಸಾವಿರ ಸಂಬಳಕ್ಕೆ ಅದೇ ಸುಮಾರು 2 ಸಾವಿರ ಆಯಿತು. ಈಗ ಜ್ವರ ಬಂದರೆ ಆಸ್ಪತ್ರೆ ಖರ್ಚೂ ನನ್ನದು, ಆವತ್ತಿನ ದುಡಿಮೆಯೂ ಹೋಯಿತು. ಕರೆಂಟೂ ನನ್ನದೇ. ಗೃಹಜ್ಯೋತಿಯಲ್ಲಿ ನಮ್ಮ ಮನೆಗೆ ನಿಗದಿ ಮಾಡಿದ ಯೂನಿಟ್ ದಾಟಿದರೆ ದಾಟಿದ್ದಕ್ಕೆ ಬಿಲ್ ಬರುತ್ತದೆ. ಮೆಷಿನ್‌ಗಿಂತ ಇಸ್ತ್ರಿ ಪೆಟ್ಟಿಗೆ ಜಾಸ್ತಿ ಎಳೆಯುತ್ತದೆ. ಸೆಕೆಂಡ್ ಹ್ಯಾಂಡ್ ಪವರ್ ಮೆಷಿನ್ ತೆಗೆದುಕೊಳ್ಳುವವರು ಹಳೇ ಕ್ಲಚ್ ಮೋಟರ್ ಇದ್ದರೆ ಬೇಡ ಅನ್ನಿ, ಸರ್ವೊ ಮೋಟರ್ ಇರುವುದನ್ನೇ ನೋಡಿ. ಶಬ್ದವೂ ಕಡಿಮೆ, ಕೆಳಗಿನ ಮನೆಯವರ ಜಗಳವೂ ತಪ್ಪುತ್ತದೆ.

ನೇರ ಗಿರಾಕಿ ಸಿಕ್ಕರೆ ಬದುಕು ಸುಧಾರಿಸುತ್ತದೆ, ಅದು ನಿಜ. ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಫೋಟೊ ಹಾಕುತ್ತೇನೆ, ಹತ್ತಿರದ ಅಪಾರ್ಟ್‌ಮೆಂಟಿನವರು ತಂದುಕೊಡುತ್ತಾರೆ. ಅಂಗಡಿ 130 ಕೊಡುವ ಕುಚ್ಚಿಗೆ ಅವರು 280 ಕೊಡುತ್ತಾರೆ, ಅವರಿಗೂ ಉಳಿತಾಯ. ಆದರೆ ಗುರುತಿನವರು, ನೆಂಟರು "ಮನೇಲೇ ಇರ್ತೀಯಲ್ಲ, ಹಾಗೇ ಒಂದು ಹಾಕಿಕೊಡು" ಅಂತ ಸೀರೆ ಇಟ್ಟು ಹೋಗುತ್ತಾರೆ. ದುಡ್ಡು ಕೇಳಿದರೆ ಮುಖ ಸಣ್ಣದು ಮಾಡುತ್ತಾರೆ. ಮನೆಯಲ್ಲಿ ಕೂತು ಮಾಡಿದರೆ ಅದು ಕೆಲಸವೇ ಅಲ್ಲ ಅಂತ ನಮ್ಮ ಜನಕ್ಕೆ ಯಾಕೆ ಅನ್ನಿಸುತ್ತದೋ! ಗಂಡಸು ಅಂಗಡಿಯಲ್ಲಿ ಕೂತು ಹೊಲಿದರೆ ಟೈಲರ್, ಹೆಂಗಸು ಮನೆಯಲ್ಲಿ ಕೂತು ಹೊಲಿದರೆ ಬಿಡುವಿನ ವೇಳೆ. ನಿಮ್ಮ ಪುರವಣಿಯೂ ಅದನ್ನೇ ಬರೆಯುತ್ತದೆ, "ಬಿಡುವಿನ ವೇಳೆಯಲ್ಲಿ ಸಂಪಾದನೆ" ಅಂತ. ಯಾವ ಬಿಡುವು? ನನಗಂತೂ ಬಿಡುವು ಇಲ್ಲ. ಆ ಮಾತು ದಯವಿಟ್ಟು ಬಿಡಿ.

ಸರ್ಕಾರದ ಯೋಜನೆಗಳನ್ನೂ ನೋಡಿದ್ದೇನೆ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದೆ. ಸಲಕರಣೆಗೆ 15 ಸಾವಿರ, ಮೊದಲ ಸಾಲ 1 ಲಕ್ಷದವರೆಗೆ, ಬಡ್ಡಿ 5 ಪರ್ಸೆಂಟ್. ಹೊಲಿಗೆ ಬಲ್ಲವರು ಖಂಡಿತ ಅರ್ಜಿ ಹಾಕಿ. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಪೂರ್ತಿ ಉಚಿತ, ಅದಕ್ಕೆ ಯಾರಿಗೂ 500 ಕೊಡಬೇಡಿ. ಕೆಲಸ ಹೋದ ವಾರವೇ ವಾರದ ಕಂತಿನ ಸಂಘದ ಸಾಲ ತೆಗೆದು ದೊಡ್ಡ ಮೆಷಿನ್ ತರುವುದು ಮಾತ್ರ ಬೇಡ. ಕುಚ್ಚಿಗೆ ಬೇಕಾದದ್ದು ಸೂಜಿ, ಕತ್ತರಿ, ದಾರ, ಒಳ್ಳೆಯ ಬೆಳಕು. ಅಷ್ಟರಲ್ಲಿ ಆರು ತಿಂಗಳು ನೋಡಿ, ಆಮೇಲೆ ಮೆಷಿನ್. ಆದರೆ ಈ ಎಲ್ಲ ಯೋಜನೆ ನನ್ನನ್ನು ಉದ್ಯಮಿ ಅನ್ನುತ್ತವೆ. ನನ್ನ ಬೆಲೆಯನ್ನು ನಾನೇ ಹೇಳಲು ಆಗದಿದ್ದರೆ ನಾನು ಎಂಥ ಉದ್ಯಮಿ? ನಾನು ಕೂಲಿಗೆ ದುಡಿಯುವವಳು. ಫ್ಯಾಕ್ಟರಿ ಬದಲು ಮನೆಯಲ್ಲಿ ದುಡಿಯುತ್ತೇನೆ, ಅಷ್ಟೇ.

ಮನೆಯಲ್ಲಿ ದುಡಿಯುವವರಿಗೆ ದರ ನಿಗದಿ ಮಾಡುವುದು ಹೊಸ ವಿಷಯ ಏನಲ್ಲ. ದಕ್ಷಿಣ ಕನ್ನಡ, ಉಡುಪಿ ಕಡೆ ಹೆಂಗಸರು ಬೀಡಿ ಕಂಪನಿಯ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ತಂದು ಮನೆಯಲ್ಲೇ ಬೀಡಿ ಕಟ್ಟಿ ವಾಪಸ್ ಕೊಡುತ್ತಾರೆ. 1966ರಲ್ಲೇ ಬಂದ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾನೂನು ಮನೆಯಲ್ಲಿ ಕೂತು ಕಟ್ಟುವವರನ್ನೂ ಕಾರ್ಮಿಕರು ಅಂತಲೇ ಒಪ್ಪಿಕೊಂಡಿತು. ಸಾವಿರ ಬೀಡಿಗೆ ಇಷ್ಟು ಅಂತ ಸರ್ಕಾರವೇ ಕನಿಷ್ಠ ಕೂಲಿ ಹೇಳುತ್ತದೆ. ಮೇಲೆ ತುಟ್ಟಿಭತ್ಯೆ ಸೇರುತ್ತದೆ, ಪಿಎಫ್ ಇದೆ, ಮಕ್ಕಳ ಓದಿಗೆ ವಿದ್ಯಾರ್ಥಿವೇತನ ಇದೆ. ಅಲ್ಲಿ ಎಲ್ಲ ಸರಿಯಾಗಿದೆ ಅಂತಲ್ಲ, ಆ ಕೆಲಸ ಆರೋಗ್ಯಕ್ಕೂ ಒಳ್ಳೆಯದಲ್ಲ. ಆದರೆ ಸಾವಿರ ಬೀಡಿಗೆ ಎಷ್ಟು ಬರಬೇಕು ಅಂತ ಅಲ್ಲಿಯ ಅಜ್ಜಿಗೂ ಗೊತ್ತು. ನಮ್ಮ ರಾಜ್ಯದಲ್ಲಿ ಊದುಬತ್ತಿ ಹೊಸೆಯುವವರಿಗೂ ಸಾವಿರದ ಲೆಕ್ಕದಲ್ಲಿ ಕನಿಷ್ಠ ಕೂಲಿ ಇದೆ. ಬೀಡಿ ಎಣಿಸಬಹುದು, ಊದುಬತ್ತಿ ಎಣಿಸಬಹುದು ಅಂದರೆ ಕುಚ್ಚನ್ನೂ ಎಣಿಸಬಹುದು.

ಮನೆಗೆಲಸಗಾರರಲ್ಲ, ಮನೆಯಲ್ಲೇ ಕೂತು ಬೇರೆಯವರಿಗೆ ದುಡಿಯುವವರ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲೇ ಒಂದು ಒಪ್ಪಂದ ಮಾಡಿತು. ಫ್ಯಾಕ್ಟರಿಯವರಿಗೂ ಇವರಿಗೂ ಕೂಲಿಯಲ್ಲಿ ಭೇದ ಮಾಡಬಾರದು ಅನ್ನುವುದು ಅದರ ತಿರುಳು. ಭಾರತ ಅದಕ್ಕೆ ಇನ್ನೂ ಒಪ್ಪಿಗೆ ಕೊಟ್ಟಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೇಂದ್ರದ ಕಾನೂನು, ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಮನೆ ಆಧಾರಿತ ಕಾರ್ಮಿಕರು ಅಂತ ನಮ್ಮ ಹೆಸರೇನೋ ಇದೆ. ಹೆಸರಿನ ಜೊತೆ ದರವೂ ಬೇಕು. ರಾಜ್ಯದ ಕಾರ್ಮಿಕ ಇಲಾಖೆ ಕುಚ್ಚು, ಫಾಲ್, ಕೈಕಸೂತಿಗೆ ಒಂದು ಕನಿಷ್ಠ ದರ ಹಾಕಲಿ ಅಂತ ನಾನು ಈ ಪತ್ರದ ಮೂಲಕ ಕೇಳುತ್ತಿದ್ದೇನೆ.

ಅದು ಆಗುವಾಗ ಆಗಲಿ. ನಿಮ್ಮ ಕೈಯಲ್ಲಿ ಆಗುವುದು ಒಂದಿದೆ ಸಂಪಾದಕರೇ, ಅದನ್ನು ನಾಳೆಯಿಂದಲೇ ಮಾಡಬಹುದು. ನಿಮ್ಮ ಪತ್ರಿಕೆಯ ಒಳಪುಟದಲ್ಲಿ ಶಿವಮೊಗ್ಗ, ಸಿರಸಿಯ ಅಡಿಕೆ ದರ ಬರುತ್ತದೆ. ರಾಮನಗರ, ಶಿಡ್ಲಘಟ್ಟದ ರೇಷ್ಮೆಗೂಡಿನ ದರ ಬರುತ್ತದೆ. ಗೂಡು ಬೆಳೆದ ರೈತ ಅದನ್ನು ನೋಡಿ ಮಾರುಕಟ್ಟೆಗೆ ಹೋಗುತ್ತಾನೆ, ಅವನಿಗೆ ಸುಲಭವಾಗಿ ಮೋಸ ಮಾಡಲು ಆಗುವುದಿಲ್ಲ. ಅದೇ ಗೂಡಿನ ನೂಲು ಸೀರೆಯಾಗಿ ಬೆಲೆಯ ಚೀಟಿ ಅಂಟಿಸಿಕೊಂಡು ಶೋಕೇಸಿಗೆ ಬರುತ್ತದೆ. ಆ ಸೀರೆಯ ತುದಿಗೆ ಕುಚ್ಚು ಕಟ್ಟುವವಳ ಕೂಲಿ ಮಾತ್ರ ಎಲ್ಲೂ ಅಚ್ಚಾಗುವುದಿಲ್ಲ. ತಿಂಗಳಿಗೊಂದು ಸಲ, ಪುರವಣಿಯ ಒಂದು ಮೂಲೆಯಲ್ಲಿ, ಅಂಗೈ ಅಗಲದ ಜಾಗ ಸಾಕು. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ದಾವಣಗೆರೆ, ಕಲಬುರಗಿಯಲ್ಲಿ ಅಂಗಡಿಯವರು ಕುಚ್ಚಿಗೆ ಎಷ್ಟು ಕೊಡುತ್ತಿದ್ದಾರೆ, ಫಾಲ್‌ಗೆ ಎಷ್ಟು, ಲೈನಿಂಗ್ ಬ್ಲೌಸಿನ ಹೊಲಿಗೆಗೆ ಎಷ್ಟು. ಓದುಗರೇ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರೆ, ನಿಮ್ಮ ವರದಿಗಾರರು ಎರಡು ಅಂಗಡಿಗೆ, ನಾಲ್ಕು ಹೆಂಗಸರಿಗೆ ಫೋನ್ ಮಾಡಿ ಸರಿನೋಡಿದರೆ ಆಯಿತು. ಯಾರ ಹೆಸರೂ ಬೇಡ, ಯಾವ ಅಂಗಡಿಯ ಹೆಸರೂ ಬೇಡ. ದರ ಸಾಕು. ಆ ಪೇಪರ್ ತುಂಡನ್ನು ಕತ್ತರಿಸಿ ಚೀಲದಲ್ಲಿ ಇಟ್ಟುಕೊಂಡು ಹೋದರೆ "ಹೆಗ್ಗನಹಳ್ಳಿಯವರು 110ಕ್ಕೆ ಮಾಡ್ತಾರೆ" ಅನ್ನುವ ಮಾತಿಗೆ ನಾನು ಉತ್ತರ ಕೊಡಬಲ್ಲೆ.

ಸೀರೆ ಅಂಗಡಿಯವರ ಮೇಲೆ ನನಗೆ ಹಗೆ ಇಲ್ಲ. ಅವರಿಗೂ ಬಾಡಿಗೆ ಇದೆ, ಹುಡುಗರ ಸಂಬಳ ಇದೆ. 350 ತೆಗೆದುಕೊಂಡು 200 ನಮಗೆ ಕೊಟ್ಟರೂ ಅವರಿಗೆ 150 ಉಳಿಯುತ್ತದೆ.

ಶುರುವಿಗೆ ನನ್ನ ದರಗಳನ್ನೇ ಹಾಕಿ. ಪಶ್ಚಿಮ ಬೆಂಗಳೂರು, ಅಂಗಡಿಯವರು ಕೊಡುವ ಕೂಲಿ: ಸಾದಾ ಸಿಲ್ಕ್ ಥ್ರೆಡ್ ಕುಚ್ಚು 130, ದಾರ ನಮ್ಮದು. ಕ್ರೋಶಾ ಮಣಿ ಕುಚ್ಚು 400, ಮಣಿ ನಮ್ಮದು. ಫಾಲ್ ಮತ್ತು ಜಿಗ್‌ಜಾಗ್ 40, ಫಾಲ್ ಅವರದು. ಬೇರೆ ಊರಿನ ಅಕ್ಕತಂಗಿಯರು ತಮ್ಮದನ್ನು ಬರೆಯಲಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗರಲ್ಲಿ ಒಬ್ಬಳು
ಲಗ್ಗೆರೆ, ಬೆಂಗಳೂರು